ಕ್ರೋಂಪೇಟೆಯಿಂದ ನಾನು ತಂದ ಮಾತು

ಚೀನಾದವರು ಗಡಿ ದಾಟಿ ಬಂದ ಸುದ್ದಿ ಮದರಾಸಿಗೆ ಮುಟ್ಟಿದಾಗ ನಮ್ಮ ಓಣಿಯಲ್ಲಿ ಮಳೆಯ ನೀರು ನಿಂತಿತ್ತು. ನಾವು ಆಗ ಎಗ್ಮೋರ್ ಸ್ಟೇಷನ್ನಿನ ಹಿಂದೆ ಎರಡು ಕೋಣೆ, ಒಂದು ಅಡುಗೆಮನೆ, ಬೀದಿಗೆ ಮುಖಮಾಡಿದ ಒಂದು ಜಗಲಿ ಇದ್ದ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪಯ್ಯ ಕುಂದಾಪುರದ ಕಡೆಯಿಂದ ಸಣ್ಣವರಿರುವಾಗಲೇ ಬಂದು, ಸ್ಟೇಷನ್ ಎದುರಿನ ಹೋಟೆಲೊಂದರಲ್ಲಿ ಲೋಟ ತೊಳೆದು, ದೋಸೆ ಹುಯ್ದು, ಕೊನೆಗೆ ಅಲ್ಲಿಯ ಅಡುಗೆ ಭಟ್ಟರಾದವರು. ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಮೌಂಟ್ ರೋಡಿನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಅಣ್ಣ ಸೈನ್ಯದಲ್ಲಿ ವೈರ್‌ಲೆಸ್ ಕೆಲಸದಲ್ಲಿದ್ದ. ಅಡುಗೆ ಭಟ್ಟರ ಮಗ ಮಿಲಿಟರಿಗೆ ಸೇರಿದ್ದು ನಮ್ಮವರಿಗೆ ಸರಿಬಂದಿರಲಿಲ್ಲ. ಅಲ್ಲಿ ಯಾರು ಬೇಯಿಸಿದ್ದನ್ನು ತಿನ್ನುತ್ತಾನೋ ಎಂಬುದೇ ಅವರ ದೊಡ್ಡ ಚಿಂತೆ.

ಅಣ್ಣನ ಹೆಂಡತಿ, ನನ್ನ ಅತ್ತಿಗೆ, ನಮ್ಮ ಜೊತೆಗೇ ಇದ್ದಳು. ಮದುವೆಯಾಗಿ ಮೂರು ವರ್ಷದಲ್ಲಿ ಅಣ್ಣ ಅವಳ ಜೊತೆ ಇದ್ದದ್ದು ರಜೆಗೆ ಬಂದ ದಿನಗಳಲ್ಲಿ ಮಾತ್ರ. ಬೀದಿಯ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತು ನಿಂತೇ ತಮಿಳು ಕಲಿತವಳು. ನನಗಿಂತ ವರ್ಷ ಎರಡು ವರ್ಷಕ್ಕೆ ದೊಡ್ಡವಳಿರಬಹುದು, ಆದರೆ ಮಾತಿನಲ್ಲಿ ಅಜ್ಜಿ. ನಾನು ಆಫೀಸಿನಿಂದ ಬಂದರೆ, "ಅತ್ತೆ, ಕಲೆಕ್ಟರ್ ಸಾಹೇಬ್ರು ಬಂದ್ರು, ಕಾಲಿಗೆ ನೀರು ಕೊಡಿ" ಎಂದು ಒಳಗಿನಿಂದ ಕೂಗುತ್ತಿದ್ದಳು. ಆದರೆ ಬಿಸಿ ಕಾಫಿ ತಂದಿಡುವವಳೂ ಅವಳೇ.

ಅಣ್ಣನ ತುಕಡಿ ಆ ಹಿಮದ ಗಡಿಯಲ್ಲೇ ಇತ್ತು. ನಮ್ಮಲ್ಲಿ ಯಾರೂ ಹಿಮವನ್ನು ಕಂಡವರಲ್ಲ. "ಅಲ್ಲಿ ಎಷ್ಟು ಚಳಿ ಉಂಟಂತೆ?" ಎಂದು ಅಮ್ಮ ಕೇಳಿದರೆ ಅಪ್ಪಯ್ಯ, "ಐಸ್ ಫ್ಯಾಕ್ಟರಿಯ ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಹಾಗೆ" ಎಂದರು. ಅಮ್ಮ ಅದನ್ನು ಕೇಳಿ ಅತ್ತಳು. ಹೋಟೆಲಿನ ರೇಡಿಯೋದಲ್ಲಿ ಸುದ್ದಿ ಬರುವ ಹೊತ್ತಿಗೆ ಗಿರಾಕಿಗಳು ಕೈಯಲ್ಲಿ ಲೋಟ ಹಿಡಿದುಕೊಂಡೇ ಕೂತಿರುತ್ತಿದ್ದರಂತೆ. ನಾಲಗೆ ಹೊರಳದ ಊರುಗಳ ಹೆಸರುಗಳು. ಒಂದೊಂದನ್ನೂ ಬಿಟ್ಟು ನಮ್ಮವರು ಹಿಂದೆ ಬಂದರು ಎಂಬುದೇ ಸುದ್ದಿ. ಕೊನೆಗೆ ಚೀನಾದವರು ತಾವಾಗಿಯೇ ಗುಂಡು ನಿಲ್ಲಿಸಿದರು. ಅದಾದ ಮೇಲೆ ನಮ್ಮ ಮನೆಗೆ ತಂತಿ ಬಂತು. ಅಣ್ಣನ ಪತ್ತೆಯಿಲ್ಲ, ಅಷ್ಟೇ. ಸತ್ತ ಎಂದಿರಲಿಲ್ಲ, ಇದ್ದಾನೆ ಎಂದೂ ಇರಲಿಲ್ಲ.

ಆ ತಂತಿ ಬರುವ ಮೊದಲೇ ನನ್ನ ಮದುವೆ ನಿಶ್ಚಯವಾಗಿತ್ತು. ಹುಡುಗಿ ಟಿ. ನಗರದವಳು. ಅವಳಪ್ಪ ಬ್ಯಾಂಕಿನಲ್ಲಿ ಹೆಡ್ ಕ್ಲರ್ಕ್. ಮದುವೆ ಮಾಘದಲ್ಲಿ ಎಂದು ಮಾತಾಗಿತ್ತು. ನಾನು ಅವಳನ್ನು ಕಂಡದ್ದು ಒಂದೇ ಸಲ. ನೀಲಿ ಸೀರೆಯಲ್ಲಿ ಬಂದು ತಟ್ಟೆ ಇಟ್ಟು ಹೋದಳು. ಅಷ್ಟಕ್ಕೇ ನಾನು ಕಚೇರಿಯಲ್ಲಿ ಕೂಡಿದ ಲೆಕ್ಕವನ್ನೇ ಮತ್ತೆ ಮತ್ತೆ ಕೂಡುವಂತಾಗಿದ್ದೆ. ಅಣ್ಣ ಎಲ್ಲಿದ್ದಾನೋ ಎಂದು ಮನೆಯವರು ಊಟ ಬಿಟ್ಟಿದ್ದಾಗ ನಾನು ಮಾಘ ಮಾಸಕ್ಕೆ ಇನ್ನೆಷ್ಟು ದಿನ ಎಂದು ಎಣಿಸುತ್ತಿದ್ದೆ. ಇದನ್ನು ಬರೆಯುವಾಗ ಈಗಲೂ ಕೈ ಹಿಂಜರಿಯುತ್ತದೆ.

ಒಂದು ಭಾನುವಾರ ಹುಡುಗಿಯ ಅಪ್ಪ ಬಂದರು. ಜಗಲಿಯಲ್ಲೇ ಕೂತರು.

"ಭಟ್ರೇ, ತಪ್ಪು ತಿಳಿಯಬೇಡಿ. ಲಗ್ನ ಇಟ್ಟ ಮೇಲೆ ಮಧ್ಯದಲ್ಲಿ ಆ ಸುದ್ದಿ ಬಂದ್ರೆ ಸೂತಕ. ಮಂಟಪದಲ್ಲಿ ಕೂತ ಹುಡುಗಿಯನ್ನು ಎಬ್ಬಿಸ್ಲಿಕ್ಕಾಗ್ತದಾ? ಒಂದೋ ಇದ್ದಾನೆ ಅಂತ ಆಗ್ಲಿ, ಒಂದೋ ಇಲ್ಲ ಅಂತ ಆಗ್ಲಿ. ಹೀಗೆ ತೂಗಾಡ್ತಾ ಇದ್ರೆ ನಾನು ಬೇರೆ ಕಡೆ ನೋಡ್ಬೇಕಾಗ್ತದೆ."

ಅಪ್ಪಯ್ಯ ಪುರೋಹಿತರನ್ನು ಕೇಳಿದರು. ಕಾಣೆಯಾದವನಿಗೆ ಹನ್ನೆರಡು ವರ್ಷ ಕಾಯಬೇಕು, ಆಮೇಲೆ ದರ್ಭೆಯಲ್ಲಿ ಆಕಾರ ಮಾಡಿ ಸುಟ್ಟು ಕ್ರಿಯೆ ಮಾಡಬೇಕು ಎಂದರು ಅವರು. ತಲೆ ಕೆರೆದುಕೊಂಡು ಮತ್ತೊಂದು ಮಾತು ಸೇರಿಸಿದರು. "ಕಣ್ಣಾರೆ ಕಂಡವರು ಯಾರಾದ್ರೂ ಸಿಕ್ಕಿದ್ರೆ ಅಷ್ಟು ಕಾಯ್ಬೇಕಂತಿಲ್ಲ."

ಅತ್ತಿಗೆ ಈ ಮಾತುಗಳನ್ನೆಲ್ಲ ಬಾಗಿಲ ಹಿಂದೆ ನಿಂತು ಕೇಳಿದ್ದಳು. ಅವಳದು ಬೇರೆಯೇ ಹುಡುಕಾಟ. ಮಹಡಿಯ ತಮಿಳು ಮಾಮಿಯ ಮನೆಯಲ್ಲಿ ರೇಡಿಯೋ ಇತ್ತು. ಪೀಕಿಂಗ್ ರೇಡಿಯೋದಲ್ಲಿ ಸೆರೆ ಸಿಕ್ಕ ನಮ್ಮವರ ಹೆಸರು ಓದುತ್ತಾರಂತೆ ಎಂದು ಮಾಮಿ ಎಲ್ಲೋ ಕೇಳಿ ಬಂದಿದ್ದಳು. ಸಂಜೆಯಾದರೆ ಅತ್ತಿಗೆ ಮೇಲೆ ಹೋಗಿ ಆ ಪೆಟ್ಟಿಗೆಗೆ ಕಿವಿ ಕೊಟ್ಟು ಕೂರುತ್ತಿದ್ದಳು. ಕರಕರ ಶಬ್ದದ ನಡುವೆ ಇಂಗ್ಲಿಷಿನಲ್ಲಿ ಏನೋ ಬರುತ್ತಿತ್ತು. ಅವಳಿಗೆ ಇಂಗ್ಲಿಷ್ ಬಾರದು. ಗಂಡನ ಹೆಸರು ಬಂದರೆ ಮಾತ್ರ ಗುರುತು ಸಿಕ್ಕೀತು ಎಂದು ಕಾಯುತ್ತಿದ್ದಳು.

ನಾನು ಮೆಟ್ಟಿಲ ಬಳಿ ಅಡ್ಡ ನಿಂತೆ. "ಶತ್ರು ರೇಡಿಯೋ ಕೇಳುದು ಗೊತ್ತಾದ್ರೆ ಪೊಲೀಸಿನವರು ಬರ್ತಾರೆ. ನನ್ನ ಕೆಲಸಕ್ಕೆ ಕುತ್ತು. ಅದೆಲ್ಲ ನಮ್ಮವರ ಎದೆ ಒಡೆಯಲಿಕ್ಕೆ ಅವರು ಮಾಡುವ ಮೋಸ."

"ನನ್ನ ಎದೆಯನ್ನು ನಾನು ನೋಡ್ಕೊಳ್ತೇನೆ ಮಾರಾಯ. ನೀನು ದಾರಿ ಬಿಡು."

ಬಿಡಲಿಲ್ಲ. ಅಪ್ಪಯ್ಯನಿಗೂ ಹೆದರಿಕೆ ಹುಟ್ಟಿಸಿದೆ. ಮಾಮಿಯ ಮನೆಗೆ ಹೋಗುವುದು ನಿಂತಿತು.

ಆಮೇಲೆ ಸಂಗತಿಯೊಂದು ತಿಳಿಯಿತು. ಅಣ್ಣನ ತುಕಡಿಯಲ್ಲೇ ಇದ್ದ ಸಿಪಾಯಿಯೊಬ್ಬ ಕಾಲಿನ ಬೆರಳುಗಳನ್ನು ಹಿಮದಲ್ಲಿ ಕಳೆದುಕೊಂಡು ಮನೆಗೆ ಬಂದಿದ್ದಾನೆ, ಮನೆ ಕ್ರೋಂಪೇಟೆಯಲ್ಲಿ. ನನಗೂ ಬರಬೇಕು ಎಂದಳು ಅತ್ತಿಗೆ. ಅದು ಚರ್ಮ ಹದಮಾಡುವವರ ಕೇರಿ, ಹೆಂಗಸರು ಹೋಗುವ ಜಾಗವಲ್ಲ ಎಂದು ಹೇಳಿ ಎಲೆಕ್ಟ್ರಿಕ್ ರೈಲು ಹತ್ತಿ ನಾನೊಬ್ಬನೇ ಹೋದೆ.

ಸಿಪಾಯಿಗೆ ಇಪ್ಪತ್ತು ಇಪ್ಪತ್ತೆರಡು ವಯಸ್ಸು. ಅಪ್ಪ ಚರ್ಮದ ಕಾರ್ಖಾನೆಯಲ್ಲಿ ಕೂಲಿ. ಹಗ್ಗದ ಮಂಚದ ಮೇಲೆ ಕಾಲಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ. ಅವನ ಅಮ್ಮ ಒಂದು ಲೋಟದಲ್ಲಿ ಮಜ್ಜಿಗೆ ತಂದಳು. ನಾನು ಈಗಷ್ಟೇ ಕುಡಿದು ಬಂದೆ ಎಂದು ಸುಳ್ಳು ಹೇಳಿ ಮುಟ್ಟಲಿಲ್ಲ. ಅವಳಿಗೆ ಅರ್ಥವಾಯಿತು. ಲೋಟವನ್ನು ಹಾಗೇ ಒಳಗೆ ಒಯ್ದಳು.

ಅವನು ತಮಿಳಿನಲ್ಲಿ ನಿಧಾನವಾಗಿ ಹೇಳಿದ. ಹಿಂದಕ್ಕೆ ಬನ್ನಿ ಎಂದು ಅಪ್ಪಣೆಯಾಯಿತು. ತೆಳ್ಳಗಿನ ಅಂಗಿ, ಕ್ಯಾನ್ವಾಸ್ ಬೂಟು. ಅಣ್ಣನ ಬೆನ್ನಿನ ಮೇಲೆ ವೈರ್‌ಲೆಸ್ ಪೆಟ್ಟಿಗೆ. ಅದನ್ನು ಬಿಸಾಡು ಎಂದರೂ ಬಿಸಾಡಲಿಲ್ಲ. ಒಂದು ತೊರೆ ದಾಟುವಾಗ ಗುಂಡಿನ ಸದ್ದಾಯಿತು, ಅಣ್ಣ ಬಿದ್ದ. ಇವನು ಕೂಗಿದ, ಉತ್ತರ ಬರಲಿಲ್ಲ. ಹಿಂದಿನವರು ತಳ್ಳಿದರು, ಓಡಿದ.

"ಸತ್ತನಾ?" ಎಂದು ಕೇಳಿದೆ.

"ತೆರಿಯಾದು ಸಾರ್."

"ನೀನು ಕಂಡೆಯಲ್ಲ?"

"ಬಿದ್ದದ್ದು ಕಂಡೆ. ತಿರುಗಿ ಹೋಗಿ ನೋಡಲಿಲ್ಲ. ನೋಡಿದ್ದರೆ ಹೇಳುತ್ತಿದ್ದೆ. ಗೊತ್ತಿಲ್ಲ ಸಾರ್, ನಿಜವಾಗಿ ಗೊತ್ತಿಲ್ಲ." ಆಮೇಲೆ ಮುಖ ಆಚೆ ತಿರುಗಿಸಿ ಅಂದ: "ನಾನು ಸತ್ತ ಅಂದೆ ಅಂತ ಮಾತ್ರ ಮನೆಯಲ್ಲಿ ಹೇಳಬೇಡಿ. ಅವರ ಹೆಂಡತಿ ಇದ್ದಾರಂತಲ್ಲ."

ರೈಲಿನಲ್ಲಿ ಕೂತು ಬರುವಾಗ ನಾನು ಏನನ್ನೂ ನಿರ್ಧರಿಸಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಅದೂ ಸುಳ್ಳು. ಮಾಂಬಲಂ ಸ್ಟೇಷನ್ನಿನಲ್ಲಿ ರೈಲು ನಿಂತಾಗ ಆಚೆ ಟಿ. ನಗರದ ಬೀದಿ ಕಾಣಿಸಿತು. ಏನು ಹೇಳುವುದೆಂದು ನನಗೆ ಆಗಲೇ ಗೊತ್ತಿತ್ತು.

ಮನೆಯಲ್ಲಿ ಎಲ್ಲರೂ ನಡುಕೋಣೆಯಲ್ಲಿ ಕೂತಿದ್ದರು. "ಹೋದ ಅಂತೆ" ಎಂದೆ. ಅಮ್ಮ ಕೂತಲ್ಲೇ ಕುಸಿದಳು. ಅತ್ತಿಗೆ ಅಳಲಿಲ್ಲ. ಅಡುಗೆಮನೆಯ ಹೊಸಿಲಲ್ಲಿ ನಿಂತು ಕೇಳಿದಳು.

"ಅವ ಹತ್ತಿರ ಹೋಗಿ ನೋಡಿದ್ದಾನಾ? ಮುಟ್ಟಿ ನೋಡಿದ್ದಾನಾ?"

"ಹೌದು. ಮುಟ್ಟಿ ನೋಡಿದ ಅಂತೆ. ಉಸಿರಿರಲಿಲ್ಲವಂತೆ."

ಈ ಮೂರು ಮಾತು ನನ್ನವು.

ಕ್ರಿಯೆಗೆ ಏರ್ಪಾಡಾಯಿತು. ನ್ಯಾಯವಾಗಿ ಅದನ್ನು ಮಾಡಬೇಕಾದವನು ತಮ್ಮನಾದ ನಾನು. ಆದರೆ ಕೊಳ್ಳಿ ಇಟ್ಟವನಿಗೆ ವರ್ಷದೊಳಗೆ ಮದುವೆ ಕೂಡದು. ಹಾಗಾಗಿ ಚಿಕ್ಕಪ್ಪನ ಮಗನನ್ನು ಊರಿನಿಂದ ಕರೆಸಿ ಕೂರಿಸಿದೆವು. ಅದನ್ನು ಸೂಚಿಸಿದವನೂ ನಾನೇ. ದರ್ಭೆಯಿಂದ ಮೈ, ಮುತ್ತುಗದ ಎಲೆಯಿಂದ ಕೈಕಾಲು, ತಲೆಯ ಜಾಗದಲ್ಲಿ ಒಂದು ತೆಂಗಿನಕಾಯಿ. ಸುಡುಗಾಡಿನಲ್ಲಿ ಅದು ಪಟಪಟ ಎಂದು ಬೇಗ ಉರಿದುಹೋಯಿತು. ಅಪ್ಪಯ್ಯ, "ಇಷ್ಟೇಯಾ?" ಎಂದರು. ಯಾರನ್ನು ಕೇಳಿದರೋ ಗೊತ್ತಿಲ್ಲ.

ಹತ್ತನೆಯ ದಿನ ಹೆಂಗಸರು ಬರುವ ಮೊದಲೇ ಅತ್ತಿಗೆ ತಾನಾಗಿಯೇ ಕರಿಮಣಿ ತೆಗೆದು ಅಮ್ಮನ ಕೈಗೆ ಕೊಟ್ಟಳು. "ಅತ್ತೆ, ತೆಗೆದಿಡಿ. ಕರಗಿಸಬೇಡಿ" ಎಂದಳು. ಅಮ್ಮ ಅದನ್ನು ಅಕ್ಕಿಯ ಡಬ್ಬದೊಳಗೆ ಇಟ್ಟಳು. ಅಲ್ಲಿಯೂ ಅದು ಉಳಿಯಲಿಲ್ಲ. ಆ ದಿನಗಳಲ್ಲಿ ಊರೆಲ್ಲ ರಕ್ಷಣಾ ನಿಧಿಗೆ ಬಂಗಾರ ಕೊಡುತ್ತಿತ್ತು. ನಮ್ಮ ಕಚೇರಿಯಲ್ಲಿ ಸಭೆಯಾಯಿತು. ನಾನು ಅಮ್ಮನಿಂದ ಅದನ್ನು ಕೇಳಿ ತೆಗೆದುಕೊಂಡು ಹೋಗಿ ಮೇಜಿನ ಮೇಲೆ ಇಟ್ಟೆ. ಮ್ಯಾನೇಜರ್ ಅದನ್ನು ಎತ್ತಿ ಹಿಡಿದು, ಒಬ್ಬ ವೀರನ ಹೆಂಡತಿಯ ಮಾಂಗಲ್ಯ ಇದು ಎಂದರು. ಚಪ್ಪಾಳೆ ಬಿತ್ತು. ಕೆಲವರು ಕಣ್ಣು ಒರೆಸಿಕೊಂಡರು. ಅವತ್ತಿನಿಂದ ಕಚೇರಿಯಲ್ಲಿ ನನಗೆ ಒಂದು ಬೆಲೆ ಬಂತು. ಹಿರಿಯ ಗುಮಾಸ್ತರು ಕೂಡ ಮೊದಲು ನನಗೆ ನಮಸ್ಕಾರ ಹೇಳುತ್ತಿದ್ದರು. ಅದು ನನಗೆ ಹಿತವಾಗಿತ್ತು ಎಂದೂ ಹೇಳಿಬಿಡುತ್ತೇನೆ.

ಮಾಘದಲ್ಲಿ ನನ್ನ ಮದುವೆಯಾಯಿತು. ಅತ್ತಿಗೆ ಛತ್ರದ ಉಗ್ರಾಣದಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ ತರಕಾರಿ ಹೆಚ್ಚುತ್ತ ಕೂತಿದ್ದಳು. ಧಾರೆಯ ಹೊತ್ತಿನಲ್ಲಿ ನನಗೆ ಅವಳ ನೆನಪೂ ಬರಲಿಲ್ಲ.

ಸೆರೆ ಸಿಕ್ಕವರನ್ನು ಚೀನಾದವರು ಬಿಡುತ್ತಿದ್ದಾರೆ ಎಂಬ ಸುದ್ದಿ ಬೇಸಿಗೆಯಲ್ಲಿ ಪತ್ರಿಕೆಗಳಲ್ಲಿ ಬಂತು. ನಾನು ಆ ಪುಟವನ್ನು ಮಡಿಸಿ ಹಲಸಿನ ಹಣ್ಣು ಬಿಡಿಸಲು ಅಮ್ಮನಿಗೆ ಕೊಟ್ಟೆ. ಅದಾಗಿ ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ಓಣಿಯಲ್ಲಿ ರಿಕ್ಷಾ ನಿಂತಿತು. ಅಣ್ಣ ಇಳಿದ. ಎಡಗಾಲು ಎಳೆಯುತ್ತಿತ್ತು. ಮುಖ ಅರ್ಧ ಆಗಿತ್ತು.

ಅಮ್ಮ ಅವನನ್ನು ಕಂಡು ಕಿರುಚಿ ಓಡಿಬಂದವಳು ಜಗಲಿಯ ಅಂಚಿಗೆ ಬಂದು ನಿಂತುಬಿಟ್ಟಳು. ಕೈ ಮುಂದೆ ಬಂದು ಹಿಂದೆ ಹೋಯಿತು. ಕ್ರಿಯೆ ಮುಗಿದವನು ಹಾಗೇ ಹೊಸಿಲು ದಾಟುವ ಹಾಗಿಲ್ಲ. ಇದು ಅವಳಿಗೆ ಗೊತ್ತು, ನಮಗೆಲ್ಲ ಗೊತ್ತು, ಅವನಿಗೆ ಮಾತ್ರ ಗೊತ್ತಿಲ್ಲ. ಅಪ್ಪಯ್ಯ ಹೆಗಲ ಮೇಲಿನ ವಸ್ತ್ರವನ್ನು ಬಾಯಿಗೆ ಒತ್ತಿಕೊಂಡು, "ಮಗಾ, ಅಲ್ಲೇ ಕೂತ್ಕೊ, ಪುರೋಹಿತರನ್ನು ಕರೀತೇನೆ" ಎಂದರು.

"ಯಾಕೆ? ಯಾರಿಗೆಂತ ಆಯ್ತು?"

ಅಪ್ಪಯ್ಯನೇ ಹೇಳಿದರು. ಅಣ್ಣ ಜೋರಾಗಿ ನಕ್ಕ.

"ಚೀನಾದವರಾದ್ರೂ ಒಳಗೆ ಸೇರಿಸಿ ಗಂಜಿ ಕೊಟ್ರು ಮಾರ್ರೆ. ನನ್ನ ಮನೆಯಲ್ಲಿ ನನಗೆ ಜಗಲಿಯಾ?"

ಹೊರಗಿನವರಿಗೆಂದು ಬೇರೆ ಇಟ್ಟಿದ್ದ ಲೋಟದಲ್ಲಿ ಅಮ್ಮ ಕಾಫಿ ತಂದು ನೆಲದ ಮೇಲಿಟ್ಟಳು. ಅಷ್ಟರಲ್ಲಿ ಹಿತ್ತಲಿನಿಂದ ಅತ್ತಿಗೆ ಬಂದಳು. ಬರಿ ಹಣೆ, ಬರಿ ಕೈ. ಅಣ್ಣನ ನಗು ಅಲ್ಲಿಗೆ ನಿಂತಿತು. ಅವಳು ಯಾರ ಕಡೆಗೂ ನೋಡದೆ ಹೊಸಿಲು ದಾಟಿ ಹೋಗಿ ಅವನ ಪಕ್ಕದಲ್ಲಿ ಕೂತಳು. ನೆಲದ ಲೋಟವನ್ನು ಎತ್ತಿ ಅವನ ಕೈಗೆ ಕೊಟ್ಟು, "ಊಟ ಮಾಡಿ ಎಷ್ಟು ದಿನ ಆಯ್ತು?" ಎಂದಳು. ಮುಟ್ಟಬೇಡ, ಮುಟ್ಟಬೇಡ ಎಂದು ಅಮ್ಮ ಒಳಗಿನಿಂದ ಅಳುತ್ತಿದ್ದಳು.

ಪುರೋಹಿತರು ಬಂದು ವಿಧಿ ಹೇಳಿದರು. ತುಪ್ಪ ಬೆರೆಸಿದ ನೀರಿನ ಕಡಾಯಿಯಲ್ಲಿ ಗರ್ಭದೊಳಗಿನ ಶಿಶುವಿನ ಹಾಗೆ ಮುಷ್ಟಿ ಕಟ್ಟಿ ಕೂರಬೇಕು. ಆಮೇಲೆ ಹುಟ್ಟಿದವನಂತೆ ಜಾತಕರ್ಮ, ನಾಮಕರಣ, ಉಪನಯನ. ಕೊನೆಗೆ ಅದೇ ಹೆಂಡತಿಯನ್ನು ಮತ್ತೊಮ್ಮೆ ಮದುವೆಯಾಗಬೇಕು. ಅಲ್ಲಿಗೆ ಎಲ್ಲ ಶುದ್ಧ.

"ತೊಟ್ಟಿಲಿಗೂ ಹಾಕ್ತೀರಾ? ಕಾಲು ಮಡಿಸ್ಲಿಕ್ಕಾಗುದಿಲ್ಲ ನೋಡಿ" ಎಂದ ಅಣ್ಣ. ಆದರೆ ಅಮ್ಮನ ಮುಖ ನೋಡಿ ಒಪ್ಪಿಕೊಂಡ. ಒಪ್ಪದವಳು ಅತ್ತಿಗೆ.

"ಅವರನ್ನು ಹುಟ್ಟಿಸುದಾದ್ರೆ ಹುಟ್ಟಿಸಿ. ನಾನು ಮತ್ತೆ ಕಟ್ಟಿಸಿಕೊಳ್ಳುದಿಲ್ಲ. ಕಟ್ಟಿಸಿಕೊಂಡ್ರೆ ಮೊದಲು ತೆಗೆಸಿದ್ದು ಸರಿ ಅಂತ ಆಗ್ತದೆ. ನನ್ನ ಗಂಡ ಸತ್ತಿರ್ಲಿಲ್ಲ."

"ಶಾಸ್ತ್ರ ಅಮ್ಮ, ಶಾಸ್ತ್ರ" ಎಂದರು ಪುರೋಹಿತರು.

"ಶಾಸ್ತ್ರಕ್ಕೆ ಸಾಕ್ಷಿ ಬೇಕು ಅಂತ ನೀವೇ ಹೇಳಿದ್ದಲ್ವಾ? ಸಾಕ್ಷಿ ತಂದವ ಇಲ್ಲೇ ಇದ್ದಾನೆ. ಕ್ರೋಂಪೇಟೆಯವ ಎಂತ ಹೇಳಿದ್ದು ಅಂತ ಇವ ಎಲ್ಲರೆದುರು ಹೇಳ್ಲಿ. ಆಮೇಲೆ ನೀವು ಹೇಳಿದಲ್ಲಿ ಕೂತ್ಕೊಳ್ತೇನೆ."

ಎಲ್ಲರೂ ನನ್ನನ್ನು ನೋಡಿದರು. ಬಾಗಿಲಲ್ಲಿ ನನ್ನ ಹೊಸ ಹೆಂಡತಿ ನಿಂತಿದ್ದಳು. ಸುದ್ದಿ ಕೇಳಿ ಓಡಿಬಂದಿದ್ದ ಅವಳಪ್ಪ ಜಗಲಿಯ ಕೆಳಗೆ ನಿಂತಿದ್ದರು. ಓಣಿಯ ಅರ್ಧ ಜನ ಅಲ್ಲಿದ್ದರು. ಒಂದು ಮಾತು ಸಾಕಿತ್ತು. ಅವನು ಗೊತ್ತಿಲ್ಲ ಅಂದ, ನಾನು ಸತ್ತ ಅಂದೆ, ಇಷ್ಟೇ. ಅದನ್ನು ಹೇಳಿದ್ದರೆ ನನಗೆ ನಾಚಿಕೆಯಾಗುತ್ತಿತ್ತು, ಅಪ್ಪಯ್ಯ ನಾಲ್ಕು ಬಾರಿಸುತ್ತಿದ್ದರು, ಮಾವ ಮಗಳನ್ನು ಸ್ವಲ್ಪ ದಿನ ಕರೆದೊಯ್ಯುತ್ತಿದ್ದರು. ಅದಕ್ಕಿಂತ ಹೆಚ್ಚಿಗೆ ಏನಾಗುತ್ತಿತ್ತು?

"ಅವ ಹೇಳಿದ್ದನ್ನೇ ನಾನು ಹೇಳಿದ್ದು" ಎಂದೆ.

ಅತ್ತಿಗೆ ತಲೆ ಆಡಿಸಿದಳು. "ಆಯ್ತು. ಹಾಗಾದ್ರೆ ನಾವು ಹೊರಡ್ತೇವೆ."

ಅಣ್ಣ ಅಪ್ಪಯ್ಯನನ್ನು ನೋಡಿದ, ಅವಳನ್ನು ನೋಡಿದ, ಕಾಲೆಳೆದುಕೊಂಡು ಎದ್ದ. ಅಪ್ಪಯ್ಯ ತಡೆಯಲಿಲ್ಲ. ಅವರಿಗೆ ಮರುದಿನ ಹೋಟೆಲಿನ ಅಡುಗೆಮನೆಗೆ ಹೋಗಬೇಕಿತ್ತು. ಶುದ್ಧಿಯಾಗದವರನ್ನು ಮನೆಯಲ್ಲಿ ಇಟ್ಟುಕೊಂಡ ಭಟ್ಟರ ಕೈಯ ಸಾರನ್ನು ಅಲ್ಲಿ ಯಾರು ತಿನ್ನುತ್ತಾರೆ? ಅತ್ತಿಗೆಯ ಟ್ರಂಕನ್ನು ನಾನೇ ಹೊತ್ತು ರಿಕ್ಷಾದವರೆಗೆ ಹೋದೆ. ಅಲ್ಲಿ ಅವಳು ನನಗೊಬ್ಬನಿಗೇ ಕೇಳುವ ಹಾಗೆ ಅಂದಳು:

"ನಿನ್ನ ಮದುವೆಯಾದ ವಾರ ನಾನು ಕ್ರೋಂಪೇಟೆಗೆ ಹೋಗಿದ್ದೆ. ಮಹಡಿಯ ಮಾಮಿ ಕರ್ಕೊಂಡು ಹೋದ್ರು. ಅವ ನನಗೆ ಎಲ್ಲ ಹೇಳಿದ."

"ಮತ್ತೆ ಈಗ ಯಾಕೆ ಹೇಳ್ಲಿಲ್ಲ?"

"ನಾನು ಹೇಳಿದ್ರೆ ಗಂಡನಿಗಾಗಿ ಸುಳ್ಳು ಹೇಳ್ತಾಳೆ ಅಂತಾರೆ. ಹೇಳ್ಬೇಕಾದ್ದು ನೀನು."

ಅವರು ಟಿ. ನಗರದ ಕೊನೆಯಲ್ಲಿ ಒಂದು ಕೋಣೆ ಹಿಡಿದರು. ಕಾಲಿನಿಂದಾಗಿ ಅಣ್ಣನನ್ನು ಸೈನ್ಯದಿಂದ ಬಿಡಿಸಿದರು. ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಅತ್ತಿಗೆ ಕುಂಕುಮ ಇಟ್ಟಳು, ಬಳೆ ತೊಟ್ಟಳು, ಕರಿಮಣಿ ಮಾತ್ರ ಕಟ್ಟಿಕೊಳ್ಳಲಿಲ್ಲ. ನಮ್ಮ ಕಡೆಯವರು ಅವಳ ಬಗ್ಗೆ ಏನೇನು ಆಡಿಕೊಂಡರೆಂದು ಇಲ್ಲಿ ಬರೆಯಲಾರೆ. ಅಂಥ ಮಾತು ನನ್ನೆದುರು ಬಂದಾಗ ನಾನು ಎಲೆಯಡಿಕೆ ಜಗಿಯುತ್ತ ಸುಮ್ಮನಿದ್ದೆ. ನನ್ನ ಹೆಂಡತಿ ಕೂಡ ಅತ್ತಿಗೆಯ ಮನೆಯ ನೀರು ಕುಡಿಯಲಿಲ್ಲ. ಯಾಕೆ ಕುಡಿಯಬಹುದು ಎಂದು ನಾನು ಅವಳಿಗೆ ಕೊನೆಯವರೆಗೂ ಹೇಳಲಿಲ್ಲ. ಅಪ್ಪಯ್ಯ ಹೋದಾಗ ಹಿರಿಮಗನಾದ ಅಣ್ಣ ಸುಡುಗಾಡಿನ ಗೇಟಿನ ಹೊರಗೆ ನಿಂತಿದ್ದ. ಸತ್ತವನಿಗೆ ಕೊಳ್ಳಿಯ ಹಕ್ಕಿಲ್ಲ. ಮಡಕೆ ಹೊತ್ತದ್ದು ನಾನು.

ಚೀನಾದ ಸೆರೆಯಿಂದ ತಂದ ಕೆಮ್ಮು ಅಣ್ಣನನ್ನು ಬಿಟ್ಟಿರಲಿಲ್ಲ. ಆ ದಶಕ ಮುಗಿಯುವ ಮೊದಲೇ ಒಂದು ಮಧ್ಯಾಹ್ನ ಅಂಗಡಿಯವನೊಬ್ಬ ನಮ್ಮ ಮನೆಗೆ ಬಂದು ಅಣ್ಣ ತೀರಿಕೊಂಡ ಎಂದ. ಈ ಸಲ ಕಣ್ಣಾರೆ ಕಂಡು ಬಂದವನು.

ನಾನು ಪುರೋಹಿತರನ್ನೂ ಕರೆದುಕೊಂಡು ಓಡಿದೆ. ದಾರಿಯುದ್ದಕ್ಕೂ, ಈ ಸಲ ಎಲ್ಲವನ್ನೂ ನಾನೇ ಕೂತು ಮಾಡುತ್ತೇನೆ, ಅವಳ ಕಾಲಿಗೆ ಬಿದ್ದು ಎಲ್ಲರೆದುರು ಹೇಳಿಬಿಡುತ್ತೇನೆ ಎಂದುಕೊಂಡೆ. ಕೋಣೆಯ ಮುಂದೆ ಅಣ್ಣನ ಜೊತೆ ಸೈನ್ಯದಲ್ಲಿದ್ದ ನಾಲ್ಕೈದು ಜನ ಚಟ್ಟ ಕಟ್ಟುತ್ತಿದ್ದರು. ಕ್ರೋಂಪೇಟೆಯವನೂ ಇದ್ದ. ಅವನು ನನ್ನನ್ನು ಗುರುತಿಸಿ ದಾರಿ ಬಿಟ್ಟ.

ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು.

"ಕ್ರಿಯೆಗೆ ಪುರೋಹಿತರನ್ನು ಕರ್ಕೊಂಡು ಬಂದಿದ್ದೇನೆ ಅತ್ತಿಗೆ. ನಾನೇ ಕೂರ್ತೇನೆ."

"ಎಂತಕ್ಕೆ?" ಎಂದಳು. ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. "ಅವರದ್ದು ಆಗಿದೆಯಲ್ಲ. ನೀವೇ ಮಾಡಿಸಿದ್ರಿ."

ಹೇಳಬೇಕೆಂದುಕೊಂಡು ಹೋದ ಮಾತನ್ನು ಹೇಳದೆಯೇ ಬಾಗಿಲಿಂದ ಈಚೆ ಸರಿದೆ. ಸೈನ್ಯದ ಗೆಳೆಯರು ಅಣ್ಣನನ್ನು ಎತ್ತಿಕೊಂಡು ನನ್ನ ಪಕ್ಕದಿಂದಲೇ ಹೋದರು. ಭುಜ ಕೊಡಲು ಮುಂದೆ ಹೋದೆ. ಜಾಗ ಇರಲಿಲ್ಲ.